ಟೂರಿಸ್ಟ್ ಕ್ಲಬ್ಬಿನ ರಾಮೆನ್ ಅಕ್ಕ

ಅಕ್ಕನ ಸಂತಾಪ ಸಭೆಯಲ್ಲಿ ಮೈಕು ಹಿಡಿದವರೊಬ್ಬರು, "ಒಳ್ಳೆಯ ಹೆಂಗಸು. ಆದರೆ ಯಾರ ಮಾತೂ ಕೇಳದೆ ಹಾಳಾದರು" ಎಂದರು. ಹಿಂದಿನ ಸಾಲಿನಲ್ಲಿದ್ದ ನಾನು ಉತ್ತರ ಕೊಡಲು ಎದ್ದೆ. ಪಕ್ಕದವರು ಅಂಗಿ ಹಿಡಿದು ಕೂರಿಸಿದರು. ಸಭೆಯಲ್ಲಿ ಕೂರಿಸಬಹುದು, ಬರೆಯಲು ಕೂತವನ ಅಂಗಿಯನ್ನು ಯಾರು ಹಿಡಿಯುತ್ತಾರೆ? ಅದಕ್ಕೇ ಬರೆಯುತ್ತಿದ್ದೇನೆ. ಅವರು ಹಾಳಾಗಲಿಲ್ಲ. ಮಾತು ಕೇಳಲಿಲ್ಲ ಎಂಬುದು ಮಾತ್ರ ನಿಜ. ಅವರು ಕೇಳದ ಮಾತುಗಳಲ್ಲಿ ಮುಕ್ಕಾಲು ಪಾಲು ನಾನೇ ಹೇಳಿದ್ದು, ಆದ್ದರಿಂದ ಈ ವಿಷಯದಲ್ಲಿ ನನಗಿಂತ ಹೆಚ್ಚು ಗೊತ್ತಿರುವವರು ಇಲ್ಲ.

ನನ್ನ ವ್ಯಾಪಾರ ಹಳೆಯ ಹೋಟೆಲ್ ಸಾಮಾನಿನದು. ದುಬೈಯ ಅಲ್ ಕುಸೈಸಿನಲ್ಲಿ ಗೋಡೌನ್ ಇದೆ. ಮುಚ್ಚಿದ ಹೋಟೆಲಿನ ಫ್ರೀಜರು, ಒಲೆ, ಹಿಟ್ಟು ಕಲಸುವ ಮೆಷಿನು ಕೊಂಡು ತರುತ್ತೇನೆ, ತಿಕ್ಕಿ ತೊಳೆದು ಹೊಸದಾಗಿ ತೆರೆಯುವವರಿಗೆ ಮಾರುತ್ತೇನೆ. ಈ ದೇಶದಲ್ಲಿ ಒಂದು ಹೋಟೆಲು ಮುಚ್ಚುತ್ತಿರುವಾಗಲೇ ಇನ್ನೊಂದು ತೆರೆಯುತ್ತಿರುತ್ತದೆ. ಅಳುವವರ ಬಾಗಿಲಿಗೂ ನಗುವವರ ಬಾಗಿಲಿಗೂ ನನ್ನದೇ ಪಿಕಪ್. ಬಂಟ್ವಾಳದಿಂದ ಬಂದು ಕೆಫೆಟೇರಿಯಾ ಒಂದರಲ್ಲಿ ಪ್ಲೇಟು ತೊಳೆಯುತ್ತಿದ್ದವನು ಇಷ್ಟಕ್ಕೆ ಏರಿದ್ದು ಬಾಯಿಯ ಬಲದಿಂದ. ಹಾಗಾಗಿ ಬಾಯಿಗೆ ಮಣಿಯದ ಒಬ್ಬರ ಬಗ್ಗೆ ಬರೆಯುವಾಗ ಸ್ವಲ್ಪ ಹೊಟ್ಟೆಕಿಚ್ಚು ಕಾಣಿಸಿದರೆ ಓದುಗರು ಮನ್ನಿಸಬೇಕು.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮುಚ್ಚಿದ ಹೋಟೆಲೊಂದರ ಫ್ರೀಜರು ಎತ್ತಲು ಹೋಗಿದ್ದೆ. ಕೆಲಸ ಮುಗಿಯುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಅದೇ ಬಿಲ್ಡಿಂಗಿನ ಹಿಂಬದಿ, ಒಂದು ಲಾಂಡ್ರಿಗೂ ಒಂದು ಸಲೂನಿಗೂ ನಡುವೆ, ಗುಬ್ಬಚ್ಚಿ ಗೂಡಿನಂಥ ಒಂದು ಅಂಗಡಿ. ಇಲ್ಲೊಂದು ಬುದ್ಧಿಮಾತು ಪುಕ್ಕಟೆಯಾಗಿ ಕೊಡುತ್ತೇನೆ: ಗುರುತಿಲ್ಲದ ಹೋಟೆಲಿಗೆ ಹೋಗುವ ಮೊದಲು ಬೋರ್ಡು ನೋಡಬೇಡಿ, ಹಿಂದುಗಡೆ ಹೋಗಿ ಹೊಗೆ ಹೊರಗೆ ಬಿಡುವ ಫ್ಯಾನು ನೋಡಿ. ಅದರ ಅಂಚಿನಲ್ಲಿ ಎಣ್ಣೆ ಜಿಡ್ಡು ತೊಟ್ಟಿಕ್ಕುತ್ತಿದ್ದರೆ ಬಂದ ದಾರಿಯಲ್ಲೇ ಹೊರಡಿ. ಈ ಅಂಗಡಿಯ ಫ್ಯಾನು ಹೊಸ ತಟ್ಟೆಯಂತೆ ಹೊಳೆಯುತ್ತಿತ್ತು. ಒಳಗೆ ನುಗ್ಗಿದೆ.

ಉದ್ದದ ಮರದ ಹಲಗೆ, ಅದರ ಮುಂದೆ ಏಳೆಂಟು ಸ್ಟೂಲು, ಹಲಗೆಯ ಆಚೆ ದೊಡ್ಡದೊಂದು ಹಂಡೆಯಲ್ಲಿ ಸಾರು. ಒಬ್ಬ ಫಿಲಿಪಿನೋ ನರ್ಸು, ಒಬ್ಬ ಟ್ಯಾಕ್ಸಿ ಡ್ರೈವರು, ಇಬ್ಬರು ಸೂಟಿನವರು ತಲೆ ತಗ್ಗಿಸಿ, ಸೊರ ಸೊರ ಎಂದು ಎಳೆದು ತಿನ್ನುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ತಲೆಗೆ ಬಿಳಿ ಬಟ್ಟೆ ಕಟ್ಟಿದ ಜಪಾನೀ ಹೆಂಗಸೊಬ್ಬರು ಒಲೆಯ ಮುಂದೆ ನಿಂತಿದ್ದರು. ಅರುವತ್ತರ ಆಸುಪಾಸು, ಕುಳ್ಳು ದೇಹ, ತೋಳು ಮಾತ್ರ ಬಂದರಿನಲ್ಲಿ ಹೊರೆ ಹೊರುವವರ ತೋಳು. ನಾನು ಪಕ್ಕದವನ ಬಟ್ಟಲಿಗೆ ಬೆರಳು ತೋರಿಸಿದೆ. ಬಂತು. ಅದೇ ಹೊತ್ತಿಗೆ ಫೋನೂ ಬಂತು. ಮೆಷಿನೊಂದರ ಗಿರಾಕಿ, ನನಗೆ ಚೌಕಾಸಿ ಊಟಕ್ಕಿಂತ ರುಚಿ.

"ಸರ್, ಈಟ್ ಫಸ್ಟ್" ಎಂದರು ಆಕೆ. ಅಂಗೈ ತೋರಿಸಿ ಮಾತು ಮುಂದುವರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಒಂದು ಕೈ ಬಂದು ನನ್ನ ಎದುರಿನ ಬಟ್ಟಲನ್ನೇ ಎತ್ತಿಕೊಂಡು ಹೋಯಿತು.

ನಾನು ಫೋನಿನಲ್ಲಿ, "ಒಂದು ನಿಮಿಷ ಇರು ಮಾರಾಯ. ಇಲ್ಲೊಂದು ಎಂತ ಹೆಂಗಸೋ ಏನೋ, ಇಟ್ಟ ಊಟವನ್ನೇ ಎತ್ತಿಕೊಂಡು ಹೋಗ್ತದೆ!" ಎಂದೆ.

ಒಲೆಯ ಕಡೆಯಿಂದ ಉತ್ತರ ಬಂತು: "ಹೆಂಗ್ಸ್ ಸಮ ಇತ್ತ್. ನೀವ್ ಫೋನ್ ಇಡಿ. ಹೊಸತ್ ಹಾಕಿ ಕೊಡ್ತೆ."

ಅಚ್ಚ ಕುಂದಾಪುರ ಕನ್ನಡ! ನಾನು ಫೋನು ಕೆಳಗಿಟ್ಟೆ. ಆಕೆ ತಿರುಗಿಯೂ ನೋಡದೆ ಹಳೆಯ ಬಟ್ಟಲನ್ನು ಬಗ್ಗಿಸಿ, "ಇದ್ ಸತ್ತ್ ಹೋಯ್ತ್" ಎಂದರು.

ಆ ಮಾತಿನ ಅರ್ಥ ಎರಡನೆಯ ಬಟ್ಟಲು ತಿಂದ ಮೇಲೆ ತಿಳಿಯಿತು. ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ಮುಳುಗಿಸಿಟ್ಟ ನೂಡಲ್ಸ್. ಮೇಜಿಗೆ ಬಂದ ಮೇಲೂ ಅದು ಸುಮ್ಮನಿರುವುದಿಲ್ಲ, ಆ ಸಾರಿನಲ್ಲೇ ಬೇಯುತ್ತಾ ಉಬ್ಬುತ್ತಾ ಹೋಗುತ್ತದೆ. ಬಂದ ಕ್ಷಣ ಹಲ್ಲಿಗೆ ಪುಟಿಯುವ ಎಳೆ, ನಾಲ್ಕು ಮಾತಾಡುವಷ್ಟರಲ್ಲಿ ನೆನೆದ ಹಗ್ಗ. ಬಾಯಿ ಸುಟ್ಟರೂ ಸರಿ, ಗಾಳಿ ಸೇರಿಸಿ ಸೊರ ಸೊರ ಎಳೆಯಬೇಕು. ಅಂದು ನಾನು ಮೂಗು ಒರೆಸಿಕೊಳ್ಳುತ್ತಾ, ಬೆವರುತ್ತಾ ತಿಂದೆ. ಆಮೇಲೆ ಅಬುಧಾಬಿಗೆ ಹೋಗಲು ಕೆಲಸ ಹುಡುಕತೊಡಗಿದೆ.

ಆಕೆಗೆ ನಮ್ಮ ಭಾಷೆ ಬಂದ ಕಥೆಯೂ ಒಂದು ಬಟ್ಟಲಿನಿಂದಲೇ ಶುರುವಾದದ್ದು. ಅವರ ಅಪ್ಪನದು ಜಪಾನಿನ ಯಾವುದೋ ಗಲ್ಲಿಯ ಪುಟ್ಟ ರಾಮೆನ್ ಅಂಗಡಿ. ಕುಂದಾಪುರದ ಎಂಜಿನಿಯರೊಬ್ಬರು ಕಂಪನಿಯ ತರಬೇತಿಗೆಂದು ಅಲ್ಲಿಗೆ ಹೋಗಿದ್ದವರು, ಬಾಡಿಗೆ ಕೋಣೆಯಿಂದ ಇಳಿದು ಮಳೆಯಿಂದ ತಪ್ಪಿಸಿಕೊಳ್ಳಲು ಆ ಅಂಗಡಿಯ ಪರದೆ ಸರಿಸಿದರಂತೆ.

"ಅವ್ರ್ ಮೊದಲ್ನೆ ದಿನ ಎಂತ ಕೇಂಡ್ರ್ ಗೊತ್ತಿತ್ತಾ?" ಎಂದು ಅಕ್ಕ ಹೇಳುತ್ತಿದ್ದರು. "ಉಪ್ಪಿನಕಾಯಿ ಇತ್ತಾ ಕೇಂಡ್ರ್! ಕೈ ಸನ್ನೆಯಗೆ, ಮುಖ ಹುಳಿ ಮಾಡ್ಕಂಡ್. ಅಪ್ಪ ಹೆದ್ರಿ ಡಾಕ್ಟ್ರನ್ನ ಕರೂಕೆ ಹೊರಟಿದ್ರ್."

ಮದುವೆಯಾಗಿ ಕುಂದಾಪುರಕ್ಕೆ ಬಂದಾಗ ಅತ್ತೆ ಕನ್ನಡ ಕಲಿಸಿದರು, ಒಣಮೀನು ಆರಿಸುವುದನ್ನೂ ಕಲಿಸಿದರು. ಮನೆ ತುಂಬಿದ ಮೊದಲ ದಿನದ ಪಂಕ್ತಿಯ ಕಥೆಯನ್ನು ಅಕ್ಕ ಒಲೆಯ ಮುಂದೆ ಅಭಿನಯಿಸಿ ತೋರಿಸುತ್ತಿದ್ದರು. ಎಲೆಯ ಮೇಲೆ ಪಾಯಸ ಬಿದ್ದದ್ದೇ ತಡ, ಹೊಸ ಮದುಮಗಳು ಬಗ್ಗಿ ಸೊರ್ರೆಂದು ಎಳೆದಳು. ಸಾಲಿನ ಕೊನೆಯವರಿಗೆ ಇನ್ನೂ ಅನ್ನವೇ ಬಡಿಸಿರಲಿಲ್ಲ, ಹಿರಿಯರು ಕೈ ಇಟ್ಟಿರಲಿಲ್ಲ. ಇಡೀ ಪಂಕ್ತಿ ತಿರುಗಿ ನೋಡಿತು. ಆಗ ಅತ್ತೆ ಬಡಿಸುವ ಸೌಟು ಹಿಡಿದೇ ಹೇಳಿದರಂತೆ: "ಬಿಸಿ ಇಪ್ಪ ಹೊತ್ತಿಗೇ ಉಂಡ್ಳ್. ಅಡುಗಿ ಮಾಡ್ದವ್ಳಿಗ್ ಇದ್ಕಿಂತ ಮರ್ಯಾದಿ ಬೇರೆ ಎಂತ ಇತ್ತ್?"

"ನಮ್ಮತ್ತೆ ಜಪಾನಗೆ ಹುಟ್ಕಿತ್ತ್", ಜಪಾನಿನಲ್ಲೇ ಹುಟ್ಟಬೇಕಿತ್ತು, ಎಂದು ಅಕ್ಕ ಕಥೆ ಮುಗಿಸುತ್ತಿದ್ದರು.

ಮುಂದೆ ಗಂಡನಿಗೆ ಅಬುಧಾಬಿಯಿಂದ ಪಶ್ಚಿಮಕ್ಕೆ ದೂರದಲ್ಲಿರುವ ರುವೈಸಿನ ರಿಫೈನರಿಯಲ್ಲಿ ಕೆಲಸ. ಕಂಪನಿಯ ಮನೆ, ಕಂಪನಿಯ ಬಸ್ಸು, ಮಕ್ಕಳಿಲ್ಲ. ವರ್ಷಗಟ್ಟಲೆ ಅಲ್ಲಿ ಅವರು "ಎಂಜಿನಿಯರ್ ಸಾರ್ ಮಿಸೆಸ್". ಗಂಡ ಹೃದಯಾಘಾತದಿಂದ ತೀರಿಕೊಂಡಾಗ ಗಂಡನ ವೀಸಾದ ಜೊತೆಗೆ ಹೆಂಡತಿಯ ವೀಸಾವೂ ಮುಗಿಯುತ್ತದೆ ಎಂದು ಆಫೀಸಿನಿಂದ ತಿಳಿಸಿದರು. ಮೈದುನ ಊರಿನಿಂದ ಹಾರಿ ಬಂದು, "ಅತ್ತಿಗೆ, ಮನಿಗ್ ಬನ್ನಿ, ಒಂದ್ ಕೋಣಿ ಖಾಲಿ ಇತ್ತ್" ಎಂದರು. ಜಪಾನಿನಿಂದ ತಮ್ಮನೂ ಅದನ್ನೇ ಹೇಳಿದ. ಇಬ್ಬರೂ ಒಳ್ಳೆಯವರೇ. ಅಕ್ಕ ಇಬ್ಬರಿಗೂ ಕೈಮುಗಿದು, ಗಂಡನ ಕಂಪನಿಯಿಂದ ಬಂದದ್ದನ್ನೆಲ್ಲ ಹಾಕಿ ಟೂರಿಸ್ಟ್ ಕ್ಲಬ್ಬಿನಲ್ಲಿ ಈ ಗೂಡು ತೆರೆದರು. ಲೈಸೆನ್ಸು ಅವರದು, ಅದರ ಮೇಲೆ ಬಂದ ವೀಸಾವೂ ಅವರದು. ಈ ದೇಶದಲ್ಲಿ ಬದುಕದವರಿಗೆ ಇದರ ತೂಕ ತಿಳಿಯುವುದಿಲ್ಲ. ಇಲ್ಲಿ ನಾವು ಯಾರು ಎಂಬುದನ್ನು ವೀಸಾದ ಒಂದು ಸಾಲು ಹೇಳುತ್ತದೆ. ಆ ಸಾಲಿನಲ್ಲಿ ಅಷ್ಟು ವರ್ಷ "ಗೃಹಿಣಿ" ಎಂದಿತ್ತು. ಈಗ ಹಾಗಿರಲಿಲ್ಲ. ಅಂಗಡಿ ಹೋದರೆ ಆ ಸಾಲೂ ಹೋಗುತ್ತದೆ, ಇನ್ನೊಬ್ಬರ ಖಾಲಿ ಕೋಣೆಗೆ ನಡೆಯಬೇಕು. ಅಕ್ಕ ಕಾಯ್ದುಕೊಂಡದ್ದು ಇದನ್ನು. ಉಳಿದದ್ದೆಲ್ಲ ಸಾರು.

ಸಾರಿನ ಬಗ್ಗೆಯೂ ಹೇಳಬೇಕು. ಜಪಾನಿನವರು ಹಂದಿಯ ಎಲುಬು ಹಾಕುತ್ತಾರಂತೆ. ಅಕ್ಕ ಹಾಕುತ್ತಿದ್ದುದು ಕೋಳಿಯ ಎಲುಬು ಮತ್ತು ಕುಂದಾಪುರದ ಕಡೆಯಿಂದ ಬರುತ್ತಿದ್ದ ಸಣ್ಣ ಒಣಮೀನು. ಸೂಟಿನ ಜಪಾನಿಯವನೊಬ್ಬ ಒಮ್ಮೆ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ, ಇದು ನಿಜವಾದ ರಾಮೆನ್ ಅಲ್ಲ ಎಂದ. ಅಕ್ಕ ಅವನಿಗೆ ಜಪಾನಿಯಲ್ಲಿ ಏನೋ ಅಂದರು. ಅವನು ತಲೆ ತಗ್ಗಿಸಿ ತಿಂದ. ಏನಂದಿರಿ ಎಂದು ಕೇಳಿದೆ.

"ನಿಜವಾದ್ದ್ ಬೇಕಾರೆ ವಿಮಾನ ಹತ್ತಿ ಅಂದೆ. ಇಲ್ ಇಪ್ಪುದ್ ನಂದ್."

ಬೆಳಿಗ್ಗೆ ಇಟ್ಟ ಸಾರು ಮುಗಿದರೆ ಬಾಗಿಲು ಹಾಕಿಬಿಡುತ್ತಿದ್ದರು. ಹೊರಗೆ ಎಷ್ಟು ಜನ ನಿಂತಿದ್ದರೂ ಸರಿ. ನೋಡುತ್ತಾ ನಿಂತ ನನಗೆ ಕರುಳು ಕಿತ್ತು ಬರುತ್ತಿತ್ತು. "ಅಕ್ಕಾ, ಒಂದು ಕೊಡಪಾನ ನೀರು ಹಾಕಿದ್ರೆ ಇಪ್ಪತ್ತು ಬಟ್ಟಲು ಆಗ್ತದೆ" ಎಂದು ನಾನು, "ಹಾಕುವ. ನಿಮ್ ಬಟ್ಲಿಗೇ ಹಾಕ್ತೆ" ಎಂದು ಅವರು. ಗೋಬಿ ಮಂಚೂರಿ ಇಡಿ, ಫ್ರೈಡ್ ರೈಸ್ ಇಡಿ, ಮಧ್ಯಾಹ್ನಕ್ಕೆ ಕಾಂಬೋ ಮಾಡಿ ಎಂದು ನಾನು ಹೇಳದ ದಿನವಿಲ್ಲ. ಪಾರ್ಸೆಲ್ಲಿನ ಮಾತೆತ್ತಿದರಂತೂ ಮುಗಿಯಿತು. ಡೆಲಿವರಿ ಕಂಪನಿಯ ಹುಡುಗಿಯೊಬ್ಬಳು ಟ್ಯಾಬ್ ಹಿಡಿದು, ನಗುನಗುತ್ತಾ ಬಂದು ಅರ್ಧ ಗಂಟೆ ವಿವರಿಸಿದಳು. ಅಕ್ಕ ಅವಳಿಗೊಂದು ಬಟ್ಟಲು ತಿನ್ನಿಸಿ ಕಳಿಸಿ, ನನ್ನ ಕಡೆ ತಿರುಗಿ, "ನೂಡಲ್ಸ್ ಬೈಕ್ ಹತ್ತುದಿಲ್ಲ" ಎಂದರು. ಅಲ್ಲಿಗೆ ಆ ಅಧ್ಯಾಯ ಖಲಾಸ್.

ಅವರ ಚೌಕಾಸಿಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಮ್ಮೆ ಹೊಸ ಹಂಡೆ ಬೇಕೆಂದು ಗೋಡೌನಿಗೆ ಬಂದರು. ನಾನು ಬೆಲೆ ಹೇಳಿದೆ. ಅವರು ಏನೂ ಹೇಳಲಿಲ್ಲ. ಹೆಚ್ಚಾಯಿತು ಎನ್ನಲಿಲ್ಲ, ಮುಖ ಸಿಂಡರಿಸಲಿಲ್ಲ, ಹೊರಡಲೂ ಇಲ್ಲ. ಕೈಕಟ್ಟಿ ಹಂಡೆಯನ್ನು ನೋಡುತ್ತಾ ನಿಂತರು. ನನಗೆ ಮೌನ ಆಗಿಬರುವುದಿಲ್ಲ. ಅದು ದಪ್ಪ ತಳದ್ದು ಎಂದೆ. ಹೋಟೆಲು ಚೆನ್ನಾಗಿ ನಡೆಯುತ್ತಿದ್ದವರದ್ದು ಎಂದೆ. ನಿಮಗಾಗಿ ಸ್ವಲ್ಪ ಬಿಡಬಹುದು ಎಂದೆ. ಮತ್ತೂ ಬಿಟ್ಟೆ. ಕೊನೆಗೆ ನನ್ನ ಜೊತೆ ನಾನೇ ಜಗಳವಾಡಿ ಕೊಂಡ ಬೆಲೆಗೇ ಕೊಟ್ಟೆ. "ಪಾತ್ರಿಯವ್ರೆ, ನೀವ್ ಒಳ್ಳೆಯವ್ರ್" ಎಂದು ಹಂಡೆ ಹೊರಿಸಿಕೊಂಡು ಹೋದರು. ನನಗೆ ಅವರಿಟ್ಟ ಹೆಸರು ಅದು, ಪಾತ್ರೆಯವರು. ವ್ಯಾಪಾರಕ್ಕೆ ಇಳಿಯುವ ಎಳೆಯರಿಗೆ ನಾನು ಹೇಳುವುದಿಷ್ಟೆ: ಜೋರಾಗಿ ಚೌಕಾಸಿ ಮಾಡುವವನಿಗೆ ಹೆದರಬೇಡಿ, ಸುಮ್ಮನಿರುವವರು ಬಂದರೆ ಅಂಗಡಿ ಮುಚ್ಚಿ ಚಹಾಕ್ಕೆ ಹೋಗಿ.

ಹೀಗೆ ನಡೆಯುತ್ತಿದ್ದಾಗ ಬಿಲ್ಡಿಂಗಿನವರು ಬಾಡಿಗೆ ಕರಾರನ್ನು ನವೀಕರಿಸುವುದಿಲ್ಲ ಎಂದರು. ನೆಲಮಹಡಿಯನ್ನೆಲ್ಲ ಒಡೆದು ದೊಡ್ಡ ಸೂಪರ್ ಮಾರ್ಕೆಟ್ ಮಾಡುತ್ತಾರಂತೆ. ಲಾಂಡ್ರಿಯವನು ಅತ್ತ, ಸಲೂನಿನವನು ಬೈದ. ಅಕ್ಕ ಎಂದಿನಂತೆ ಹಲಗೆ ಒರೆಸುತ್ತಿದ್ದರು. ಬೇರೆ ಜಾಗ ಹಿಡಿಯಲು, ಒಳಗೆ ಹೊಸದಾಗಿ ಕಟ್ಟಿಸಲು ಅವರ ಕೈಯಲ್ಲಿ ಬಲವಿರಲಿಲ್ಲ. ಜಾಗವಿಲ್ಲದೆ ಲೈಸೆನ್ಸು ಇಲ್ಲ, ಲೈಸೆನ್ಸಿಲ್ಲದೆ ವೀಸಾ ಇಲ್ಲ.

ನಾನು ಸುಮ್ಮನೆ ಕೂರುವವನೇ? ನಮ್ಮೂರ ಕಡೆಯವರೇ ಒಬ್ಬರು ಧಣಿಗಳು, ಈ ದೇಶದ ಮಾಲುಗಳಲ್ಲೆಲ್ಲ ಅವರ ಊಟದ ಕೌಂಟರುಗಳಿವೆ. ನನ್ನ ದೊಡ್ಡ ಗಿರಾಕಿ. ಅವರ ಕಿವಿಗೆ ಹಾಕಿದೆ. ಜಪಾನೀ ಊಟಕ್ಕೆ ಈಗ ಎಳೆಯರು ಮುಗಿಬೀಳುತ್ತಿದ್ದಾರೆಂದು ಅವರಿಗೂ ಗೊತ್ತಿತ್ತು. ಅಕ್ಕನನ್ನು ಪಾಲುದಾರರನ್ನಾಗಿ ಮಾಡಿ, ಮಾಲಿನಲ್ಲಿ ಕೌಂಟರು ಕೊಟ್ಟು, ರುಚಿಯ ಹೊಣೆಯನ್ನು ಅವರಿಗೇ ಬಿಡುವುದು ಎಂದು ಬಾಯಿಮಾತಾಯಿತು. ಒಂದು ಮಧ್ಯಾಹ್ನ ಬಂದು ರುಚಿ ನೋಡುತ್ತೇನೆ ಎಂದರು. ನನಗೆ ಹಬ್ಬ. ಅಕ್ಕನಿಗೂ ಒಳಗೊಳಗೆ ಆಸೆಯಿತ್ತು. ಅಂದು ತಲೆಗೆ ಹೊಸ ಬಟ್ಟೆ ಕಟ್ಟಿದ್ದರು.

ಧಣಿಗಳು ಒಬ್ಬರೇ ಬರಲಿಲ್ಲ. ಮ್ಯಾನೇಜರು, ಲೆಕ್ಕದವರು, ಊರಿನಿಂದ ಬಂದಿದ್ದ ಭಾವ, ಬಾಣಸಿಗರ ಮುಖ್ಯಸ್ಥ, ಎಲ್ಲರೂ. ಬೇರೆ ಗಿರಾಕಿಗಳಿರಲಿಲ್ಲ. ಹಲಗೆಯ ಉದ್ದಕ್ಕೂ ಸಾಲಾಗಿ ಕೂತರು, ಧಣಿಗಳು ಮರ್ಯಾದೆಯಿಂದ ಎಲ್ಲರನ್ನೂ ಮೊದಲು ಕೂರಿಸಿ ತಾವು ಕೊನೆಯ ಸ್ಟೂಲಿಗೆ ಹೋದರು. ಅಲ್ಲೇ ಎಡವಟ್ಟಾಯಿತು. ಅಕ್ಕನ ಒಲೆಯಲ್ಲಿ ಒಂದು ಸಲಕ್ಕೆ ಎರಡು ಬಟ್ಟಲಿಗಾಗುವಷ್ಟು ಮಾತ್ರ ಬೇಯುತ್ತಿತ್ತು. ಮೊದಲ ಎರಡು ಬಟ್ಟಲು ಮ್ಯಾನೇಜರಿಗೂ ಭಾವನಿಗೂ ಬಂತು. ಇಬ್ಬರೂ ಕೈ ಮಡಚಿ ಕೂತರು. ಧಣಿಗಳ ಮುಂದೆ ಇನ್ನೂ ಬಂದಿಲ್ಲವಲ್ಲ!

"ತಿನ್ನಿ, ಬಿಸಿ ಇತ್ತ್" ಎಂದರು ಅಕ್ಕ.

"ಪರವಾಗಿಲ್ಲಮ್ಮ, ಎಲ್ಲರಿಗೂ ಬರ್ಲಿ" ಎಂದರು ಭಾವ.

ನಾನು ಎದ್ದು ಧಣಿಗಳ ಕಿವಿಯಲ್ಲಿ, "ಇದನ್ನು ಬಂದ ಹಾಗೇ ತಿನ್ಬೇಕು. ಅವರಿಗೆ ಶುರು ಮಾಡ್ಲಿಕ್ಕೆ ಹೇಳಿ" ಎಂದೆ.

ಧಣಿಗಳು ನಕ್ಕು, "ಎಂತ ಮಾರಾಯ, ನಾವೆಲ್ಲ ಪಂಕ್ತಿಯಲ್ಲಿ ಉಂಡು ಬೆಳೆದವರಲ್ವಾ? ಒಬ್ಬ ತಿನ್ನುವಾಗ ಇನ್ನೊಬ್ಬ ಬಾಯಿ ನೋಡುದಾ?" ಎಂದರು. ಸಾಲಿನವರೆಲ್ಲ ನಕ್ಕರು.

ಮತ್ತೆರಡು ಬಟ್ಟಲು ಬಂದವು. ಅವೂ ಕಾದವು. ಮೊದಲ ಬಟ್ಟಲುಗಳಿಂದ ಆವಿ ಏಳುವುದು ನಿಂತಿತು. ಎಳೆಗಳು ಸಾರನ್ನೆಲ್ಲ ಕುಡಿದು ಅಂಚಿನವರೆಗೆ ಉಬ್ಬಿಕೊಂಡವು. ಮ್ಯಾನೇಜರು ಆ ಹೊತ್ತಿಗೆ ಬಟ್ಟಲಿನ ಫೋಟೋ ತೆಗೆದರು. ನಾನು ಅಕ್ಕನ ಮುಖ ನೋಡಿದೆ. ಕೋಪವಿರಲಿಲ್ಲ. ಒಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಉಳಿದ ಬಟ್ಟಲುಗಳನ್ನೂ ಅಷ್ಟೇ ಶ್ರದ್ಧೆಯಿಂದ ತುಂಬಿಸಿದರು. ಕೊನೆಯದನ್ನು ಎರಡೂ ಕೈಯಿಂದ ಧಣಿಗಳ ಮುಂದೆ ಇಟ್ಟರು. ಧಣಿಗಳು, "ಹಾಂ, ಈಗ ಶುರು ಮಾಡುವ" ಎಂದರು. ಸಾಲು ಕೈ ಇಟ್ಟಿತು. ಧಣಿಗಳಿಗೆ ಆಗ ಒಂದು ಫೋನು ಬಂತು. ಅದನ್ನೂ ಮುಗಿಸಿಯೇ ತಿಂದರು.

ಭಾವ ಮೊದಲು ಹೊಗಳಿದರು: "ಮೃದು ಉಂಟು, ಬಾಯಲ್ಲಿ ಇಟ್ರೆ ಕರಗ್ತದೆ." ಮ್ಯಾನೇಜರು ಹೌದೆಂದರು. ಧಣಿಗಳು ಬಾಯಿ ಒರೆಸಿಕೊಂಡು, "ಫಸ್ಟ್ ಕ್ಲಾಸ್! ಅಕ್ಕ, ನನಗೆ ಇದೇ ಬೇಕು. ಒಂದು ಕೂದಲಿನಷ್ಟೂ ಬದಲಾಗಬಾರದು. ಎಲ್ಲ ಮಾಲಿನಲ್ಲೂ ಇದೇ ರುಚಿ" ಎಂದರು. ಮನಸ್ಸಿನಿಂದಲೇ ಅಂದರು. ನಾನು ಕೈ ಕುಲುಕಲು ಎದ್ದೆ.

ಅಕ್ಕ ತಲೆಯ ಬಟ್ಟೆ ಬಿಚ್ಚಿ ಮಡಚಿದರು. "ನಿಮ್ಗ್ ತುಂಬ ಉಪಕಾರ" ಎಂದರು. "ಆದ್ರೆ ಕೊಡುದಿಲ್ಲ."



"ಎಂತಕ್ಕೆ?" ಎಂದರು ಧಣಿಗಳು.

"ನೀವ್ ಹೊಗ್ಳಿದ್ದ್ ಹಾಳಾದ್ದನ್ನ. ನಾಳೆ ಮಾಲಗೆ ಎಲ್ಲರಿಗೂ ಹಾಳಾದ್ದೇ ಕೊಡಿ ಅಂತ್ರಿ. ನಾನ್ ಎಲ್ ನಿಂತ್ಕಂಡ್ ಇಲ್ಲ ಅಂಬುದ್?"

ಧಣಿಗಳ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ, ಹೋಗುವಾಗಲೂ ಕೈಮುಗಿದೇ ಹೋದರು. ಮೆಟ್ಟಿಲಲ್ಲಿ ನನಗೆ ಮಾತ್ರ, "ಇನ್ನು ಇಂಥ ಕಡೆ ಕರ್ಕೊಂಡು ಬರ್ಬೇಡ" ಎಂದರು. ಸಂತಾಪ ಸಭೆಯ ಮೈಕಿನಲ್ಲಿ ಮಾತಾಡಿದವರು ಅವರ ಆ ಭಾವನೇ.

ನಾನು ಒಳಗೆ ಬಂದು ಬೈದೆ. ಬಾಯಿಗೆ ಬಂದಂತೆ ಬೈದೆ. "ನಿಮಗೆ ತಲೆ ಸರಿ ಉಂಟಾ ಅಕ್ಕ? ಅವರು ಎಂತ ತಪ್ಪು ಮಾಡಿದ್ರು? ನಿಮ್ಮ ಅತ್ತೆ ಮನೆಯ ಪಂಕ್ತಿಯ ಹಾಗೆ ಮರ್ಯಾದೆ ಮಾಡಿದ್ರು, ಅಷ್ಟೆ!"

"ತಪ್ಪ್ ಅಂತ ನಾನ್ ಹೇಳ್ಳಿಲ್ಲ. ಅದ್ ಮರ್ಯಾದಿಯೇ. ನೂಡಲ್ಸಿಗ್ ಅದ್ ಗೊತ್ತಿಲ್ಲ."

"ನಿಮ್ಮ ವೀಸಾ ಎಂತ ಆಗ್ತದೆ, ಅದಾದ್ರೂ ಗೊತ್ತುಂಟಾ? ಮೈದುನನ ಖಾಲಿ ಕೋಣೆ! ಅಲ್ಲಿ ಕೂತು ಮರ್ಯಾದೆಗೆ ಕಾಯದ ನೂಡಲ್ಸ್ ಮಾಡಿ!"

ಅವರಿಗೆ ತಾಗಿತು. ಹಲಗೆಯ ಮೇಲೆ ಕೈಯೂರಿದರು. ಅವರು ಸುಸ್ತಾದದ್ದನ್ನು ನಾನು ನೋಡಿದ್ದು ಆಗ ಮಾತ್ರ. ಆಮೇಲೆ ಆ ಉಬ್ಬಿದ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ತೊಳೆಯಹೊರಟರು. ತೊಳೆಯುತ್ತಲೇ ಕೇಳಿದರು, "ಪಾತ್ರಿಯವ್ರೆ, ನಿಮ್ ಪಿಕಪ್ ರುವೈಸಿಗ್ ಹೋಪುದಾ?"

ರುವೈಸಿನಲ್ಲಿ ಉಳ್ಳಾಲ ಕಡೆಯ ಬ್ಯಾರಿ ಸಾಹೇಬರೊಬ್ಬರ ಕೆಫೆಟೇರಿಯಾ ಇತ್ತು. ರಿಫೈನರಿಯ ಟೆಕ್ನೀಷಿಯನ್ನರು ಪರೋಟ, ಚಹಾಕ್ಕೆ ಬರುವ ಜಾಗ. ಅಕ್ಕನ ಗಂಡ ಇದ್ದಾಗಿನಿಂದ ಪರಿಚಯ. ಅವರ ಅಡುಗೆಮನೆಯಲ್ಲಿ ಮಧ್ಯಾಹ್ನ ಒಂದು ಒಲೆ ಖಾಲಿ, ಒಂದು ಬದಿಯಲ್ಲಿ ಉದ್ದದ ಕೌಂಟರೂ ಖಾಲಿ. ಬೈದ ಬಾಯಿಯಲ್ಲೇ ನಾನು ಮಾತುಕತೆಗೆ ಹೊರಟೆ. ಸಿಟ್ಟು ಬೇರೆ, ಚೌಕಾಸಿ ಬೇರೆ.

ಸಾಹೇಬರು ಸಂತೋಷದಿಂದಲೇ ಒಪ್ಪಿದರು. "ಅಕ್ಕನಿಗೆ ನಾಳೆಯೇ ಕುಕ್ ವೀಸಾ ಹಾಕಿಸ್ತೇನೆ. ಸಂಬಳ, ರೂಮು, ಎಲ್ಲ ನನ್ನದು. ಖಲಾಸ್!"

"ಕುಕ್ ಬ್ಯಾಡ" ಎಂದರು ಅಕ್ಕ. "ಪಾಲ್."

"ಪಾಲು ಅಂದ್ರೆ ಲೈಸೆನ್ಸಿನಲ್ಲಿ ಹೆಸರು ಹಾಕಬೇಕು ಅಕ್ಕ! ಅದರಲ್ಲಿ ನನ್ನ ಹೆಂಡ್ತಿಯ ಹೆಸರೇ ಇಲ್ಲ."

"ಸಾಹೇಬ್ರೆ, ನಿಮ್ಮ ಹೆಂಡ್ತಿ ಈ ಸಾರು ಮಾಡ್ತಾರಾ?" ಎಂದೆ ನಾನು.

"ನಮ್ಮವಳ ಸಾರಿನ ಸುದ್ದಿ ನಿಮಗ್ಯಾಕೆ ಮಾರಾಯ್ರೆ!"

ನನಗೂ ಇದು ಹುಚ್ಚೆನಿಸಿತ್ತು. ಕುಕ್ ವೀಸಾ ಸುಲಭ, ಖರ್ಚೂ ಅವರದೇ, ತಲೆನೋವಿಲ್ಲ. ಅಕ್ಕನನ್ನು ಹೊರಗೆ ಕರೆದು, "ತಿಂಗಳ ಸಂಬಳ ಹಿಡಿಯಿರಿ, ಹೆಸರು ತಿಂದು ಬದುಕ್ಲಿಕ್ಕೆ ಆಗ್ತದಾ?" ಎಂದೆ.

"ಲಾಭ ಅವ್ರಿಗೆ ಹೆಚ್ಚ್ ಇರ್ಲಿ, ನಂಗ್ ಕಮ್ಮಿ ಸಾಕ್. ಹೆಸ್ರ್ ಬೇಕ್" ಎಂದರು. "ಒಂದ್ ಸಲ ಇನ್ನೊಬ್ಬರ ವೀಸಾದಗೆ ಇದ್ದೆ. ಅವ್ರ್ ನನ್ ಗಂಡ. ಅದ್ಕೆ ಇದ್ದೆ. ಇನ್ನ್ ಯಾರದ್ದರಗೂ ಇಪ್ಪುದಿಲ್ಲ."

ಒಳಗೆ ಹೋಗಿ ಸಾಹೇಬರ ಎದುರು ಕೂತರು. ಕೈಕಟ್ಟಿದರು. ಸುಮ್ಮನಾದರು. ನನಗೆ ಎದೆಯೊಳಗೆ ನಗು ಉಕ್ಕಿತು. ಆ ಮೌನದ ಬಿಸಿ ನಾನು ಬಲ್ಲೆ. ಸಾಹೇಬರು ಕೌಂಟರಿನ ಖರ್ಚು ಹೇಳಿದರು. ಮೌನ. ಸರಕಾರಿ ಫೀಸು ಹೇಳಿದರು. ಮೌನ. ಹುಡುಗನಿಗೆ ಚಹಾ ತರಲು ಹೇಳಿದರು, ತಾವೇ ಕುಡಿದರು, ಫ್ಯಾನಿನ ವೇಗ ಹೆಚ್ಚಿಸಿದರು. ನಿಮ್ಮ ಯಜಮಾನರು ಒಳ್ಳೆಯ ಮನುಷ್ಯ, ನನಗೆ ತಮ್ಮನ ಹಾಗೆ ಎಂದರು. ಕೊನೆಗೆ ಎರಡೂ ಕೈ ಮೇಲೆತ್ತಿ, "ಯಲ್ಲಾ, ಆಯ್ತು! ಹಾಕಿಸ್ತೇನೆ ಹೆಸರು. ಈ ಹೆಂಗಸು ಹೀಗೆ ಕೂತರೆ ನನ್ನ ಬಿಪಿ ಏರ್ತದೆ" ಎಂದರು. ಅಕ್ಕ ಎದ್ದು ಸೊಂಟ ಬಾಗಿಸಿ ವಂದಿಸಿದರು. ಸಾಹೇಬರು ಗಾಬರಿಯಾಗಿ ತಾವೂ ಬಾಗಿದರು.

ಹಂಡೆ, ಹಲಗೆ, ಸ್ಟೂಲುಗಳನ್ನು ನನ್ನ ಪಿಕಪ್ಪಿನಲ್ಲೇ ಸಾಗಿಸಿದೆ. ಬಾಡಿಗೆ ತೆಗೆದುಕೊಂಡೆ, ಅವರು ಬಿಟ್ಟಿ ಒಪ್ಪುವವರಲ್ಲ, ನಾನು ಬಿಟ್ಟಿ ಕೊಡುವವನೂ ಅಲ್ಲ. ಬಲಕ್ಕೆ ಸಮುದ್ರ, ಎಡಕ್ಕೆ ಮರಳು. ಹಂಡೆ ಹಿಂದೆ ಕಟಕಟ ಎನ್ನುತ್ತಿತ್ತು. ಗಂಡನ ಜೊತೆ ಈ ದಾರಿಯಲ್ಲಿ ಹೋಗುವಾಗ ಎಂಥ ಮಾತಾಡುತ್ತಿದ್ದಿರಿ ಎಂದು ಕೇಳಿದೆ. "ಅವ್ರ್ ನಿದ್ರಿ ಮಾಡ್ತಿದ್ರ್, ನಾನ್ ಕಾರ್ ಬಿಡ್ತಿದ್ದೆ" ಎಂದರು.

ಅಲ್ಲಿ ಅವರು ಕೊನೆಯವರೆಗೆ ನಡೆಸಿದರು. ಮಧ್ಯಾಹ್ನ ಮಾತ್ರ. ಸಾರು ಮುಗಿದರೆ ಬಾಗಿಲಿಲ್ಲದ ಕಾರಣ ಹಂಡೆಯನ್ನು ಕವುಚಿ ಹಾಕುತ್ತಿದ್ದರು. ಶ್ರೀಮಂತರಾಗಲಿಲ್ಲ. ಈ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಸಾಹೇಬರು ಆ ಕೌಂಟರನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಕೊಡಿ, ನಷ್ಟ ಮಾಡಿಕೊಳ್ಳಬೇಡಿ ಎಂದು ನಾನು ಹೇಳಿದ್ದೇನೆ. ಅವರೂ ಈಗ ಮಾತು ಕೇಳುತ್ತಿಲ್ಲ.

ಹಾಳಾದರು ಎನ್ನುವವರು ಆ ಕೌಂಟರಿನ ಮೊದಲ ಮಧ್ಯಾಹ್ನ ಅಲ್ಲಿರಲಿಲ್ಲ. ನಾನಿದ್ದೆ. ಗ್ಯಾಸ್ ಪೈಪು ಜೋಡಿಸಲು ನಿಂತಿದ್ದೆ. ಕಂಪನಿ ಕ್ವಾ‌ರ್ಟರ್ಸಿನ ಮಹಿಳೆಯೊಬ್ಬರು, ದೊಡ್ಡ ಆಫೀಸರರ ಹೆಂಡತಿ, ಏನೋ ಕೊಳ್ಳಲು ಬಂದವರು ಅಕ್ಕನನ್ನು ನೋಡಿ ನಿಂತರು.

"ಅಯ್ಯೋ, ನೀವು ಎಂಜಿನಿಯರ್ ಸಾರ್ ಮಿಸೆಸ್ ಅಲ್ವಾ? ಇಲ್ಲಿ ಕೆಲಸಕ್ಕೆ ಸೇರಿದ್ರಾ? ಪಾಪ. ಹೇಳಿದ್ರೆ ನಮ್ಮವರು ಆಫೀಸಿನಲ್ಲೇ ಏನಾದ್ರೂ ನೋಡ್ತಿದ್ರಲ್ಲ."

ಅಕ್ಕ ನೂಡಲ್ಸಿನ ಬುಟ್ಟಿಯನ್ನು ಎತ್ತಿ ನೀರು ಕೊಡವಿದರು. ಬಟ್ಟಲಿಗೆ ಸುರಿದರು, ಸಾರು ಹೊಯ್ದರು, ಮೇಲೆ ಎರಡು ಈರುಳ್ಳಿ ಚೂರು ಉದುರಿಸಿದರು. ಬಟ್ಟಲನ್ನು ಆ ಮಹಿಳೆಯ ಮುಂದೆ ಇಟ್ಟು, ಸೌಟಿನ ತುದಿಯಿಂದ ಗೋಡೆಗೆ ನೇತುಹಾಕಿದ್ದ ಲೈಸೆನ್ಸನ್ನು ತೋರಿಸಿದರು.

"ಕೆಲ್ಸಕ್ಕ್ ಸೇರ್ಲಿಲ್ಲ. ಅಂಗ್ಡಿ ನಂದ್" ಎಂದರು. "ಓದಿ ಕಾಣಿ. ಅಲ್ಲ, ಮೊದ್ಲ್ ತಿನ್ನಿ. ಅದ್ ಅಲ್ಲೇ ಇರತ್ತ್."